ತರಗತಿಯಿಂದ ಮಗ್ಗದ ಬಳಿಗೆ



ನಿಮ್ಮ ಊರಿನ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸನ್ನು ಗಮನಿಸಿದ್ದೀರಾ? ಎಷ್ಟು ಸರಕು ತರಬೇಕು, ಯಾವ ಹೊತ್ತಿಗೆ ಬೆಲೆ ಇಳಿಸಬೇಕು, ಯಾರಿಗೆ ಕಡ ಕೊಡಬಹುದು ಎಂಬುದೆಲ್ಲ ಆಕೆಗೆ ಗೊತ್ತು. ಇದನ್ನು ಆಕೆ ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಹಾಗಾದರೆ ವ್ಯವಹಾರ ನಿರ್ವಹಣೆಯನ್ನು ತರಗತಿಯಲ್ಲಿ ಕಲಿಸಲು ಸಾಧ್ಯವೇ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1881ರಲ್ಲಿ, ಉದ್ಯಮಿ ಜೋಸೆಫ್ ವಾರ್ಟನ್ ಅವರ ದೇಣಿಗೆಯಿಂದ, ವಿಶ್ವವಿದ್ಯಾನಿಲಯದ ಅಂಗವಾಗಿ ವಾಣಿಜ್ಯ ಶಾಲೆಯೊಂದು ಆರಂಭವಾಯಿತು. 1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಇಂಥ ಶಾಲೆಯನ್ನು ತೆರೆಯಿತು. ಅಲ್ಲಿ ಬೆಳೆದುಬಂದದ್ದು 'ಪ್ರಕರಣ ಪದ್ಧತಿ'. ಒಂದು ಸಂಸ್ಥೆ ನಿಜವಾಗಿ ಎದುರಿಸಿದ ಸಮಸ್ಯೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದೇ ಇದರ ತಿರುಳು.

ನಮ್ಮ ದೇಶದಲ್ಲಿ 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಗಳು ಸ್ಥಾಪನೆಯಾದವು. ಬೆಂಗಳೂರಿನ ಸಂಸ್ಥೆ ಬಂದದ್ದು 1973ರಲ್ಲಿ. ಅಹಮದಾಬಾದಿನ ಸಂಸ್ಥೆ ಹಾರ್ವರ್ಡ್‌ನ ಸಹಯೋಗದಿಂದ ಪ್ರಕರಣ ಪದ್ಧತಿಯನ್ನು ಅಳವಡಿಸಿಕೊಂಡಿತು. 1965ರಲ್ಲಿ ಅದರ ಮೊದಲ ಪೂರ್ಣಾವಧಿ ನಿರ್ದೇಶಕರಾದವರು ರವಿ ಮತ್ತಾಯಿ. ಸಂಸ್ಥೆ ಹೆಸರು ಗಳಿಸುತ್ತಿದ್ದಾಗಲೇ, 1972ರಲ್ಲಿ, ಅವರು ತಾವಾಗಿಯೇ ಆ ಹುದ್ದೆಯಿಂದ ಇಳಿದು ಅಲ್ಲಿಯೇ ಅಧ್ಯಾಪಕರಾಗಿ ಉಳಿದರು.

ಆಮೇಲೆ ಅವರು ಮಾಡಿದ್ದೇನು ಗೊತ್ತೆ? 1975ರಲ್ಲಿ ರಾಜಸ್ಥಾನದ ಅಜ್ಮೀರ್ ಜಿಲ್ಲೆಯ ಜವಾಜಾ ಎಂಬ ಬರಪೀಡಿತ ಪ್ರದೇಶಕ್ಕೆ ನಡೆದರು. ಅಲ್ಲಿ ಬಡ ನೇಕಾರರೂ ಚರ್ಮದ ಕೆಲಸಗಾರರೂ ಇದ್ದರು. ಕೈಯಲ್ಲಿ ಕಸುಬಿತ್ತು, ಆದರೆ ಮಾರುಕಟ್ಟೆ ಅವರ ಹಿಡಿತದಲ್ಲಿರಲಿಲ್ಲ. ಮತ್ತಾಯಿಯವರ ಬಳಗ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ತಜ್ಞರು ಅವರೊಡನೆ ಕುಳಿತು ಪಟ್ಟಣದವರಿಗೆ ಬೇಕಾಗುವ ಹೊಸ ವಸ್ತುಗಳನ್ನು ರೂಪಿಸಿದರು. ಕಚ್ಚಾ ಸಾಮಗ್ರಿ ಕೊಳ್ಳುವುದು, ಬೆಲೆ ಕಟ್ಟುವುದು, ಲೆಕ್ಕ ಇಡುವುದು, ಬ್ಯಾಂಕಿನೊಡನೆ ವ್ಯವಹರಿಸುವುದು, ಇವನ್ನೆಲ್ಲ ಕುಶಲಕರ್ಮಿಗಳೇ ಕಲಿಯಬೇಕು ಎಂಬುದು ಗುರಿ. ಹೊರಗಿನವರು ಒಂದು ದಿನ ಹೊರಟುಹೋಗಬೇಕು, ಕೆಲಸ ನಿಲ್ಲಬಾರದು.

ಇದು ಸುಲಭವಾಗಿರಲಿಲ್ಲ. ಶತಮಾನಗಳ ಪರಾವಲಂಬನೆ ಕೆಲವು ತಿಂಗಳಲ್ಲಿ ಕಳಚುವಂಥದ್ದಲ್ಲ. ಆದರೂ 1984ರಲ್ಲಿ ಮತ್ತಾಯಿ ನಿಧನರಾದ ಮೇಲೆಯೂ ಆ ಕುಶಲಕರ್ಮಿಗಳ ಒಕ್ಕೂಟ ಮುಂದುವರಿಯಿತು. ಕಲಿಸಲು ಹೋದ ಪ್ರಾಧ್ಯಾಪಕರು ಅಲ್ಲಿ ಕಲಿತೂ ಬಂದರು ಎಂಬುದನ್ನು ಮರೆಯಬೇಡಿ.

ಇತರ ದೇಶಗಳ ವಿದ್ವಾಂಸರೂ ಇದೇ ಜಾಡು ಹಿಡಿದಿದ್ದಾರೆ. ಇಂಗ್ಲೆಂಡಿನ ರೆಗ್ ರೆವನ್ಸ್, ಕಲ್ಲಿದ್ದಲು ಗಣಿಗಳ ವ್ಯವಸ್ಥಾಪಕರು ತಮ್ಮ ತಮ್ಮ ತೊಡಕುಗಳನ್ನು ಪರಸ್ಪರ ಚರ್ಚಿಸಿಯೇ ಚೆನ್ನಾಗಿ ಕಲಿಯುತ್ತಾರೆಂದು ಕಂಡುಕೊಂಡರು. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅನುಭವವಿಲ್ಲದ ಯುವಕರನ್ನು ತರಗತಿಯಲ್ಲಿ ಕೂರಿಸಿ ವ್ಯವಸ್ಥಾಪಕರನ್ನಾಗಿ ಮಾಡಲಾಗದು ಎಂದು ವಾದಿಸಿದರು.

ಹಾಗೆಂದು ಪುಸ್ತಕ ಬೇಡವೆಂದಲ್ಲ. ಲೆಕ್ಕಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದಿಯೇ ತಿಳಿಯಬೇಕು. ಆದರೆ ಓದಿದ್ದು ಯಾರ ಬದುಕಿಗೆ ಒದಗುತ್ತದೆ ಎಂದೂ ಕೇಳಿಕೊಳ್ಳಬೇಕು. ಮುಂದಿನ ಸಂತೆಯ ದಿನ ಆ ತರಕಾರಿ ಮಾರುವ ಹೆಂಗಸಿನ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಆಕೆ ದಿನದ ಲೆಕ್ಕ ಹೇಗಿಡುತ್ತಾಳೆಂದು ಕೇಳಿ ನೋಡಿ. ನಿಮ್ಮ ಮೊದಲ ಪಾಠ ಅಲ್ಲಿಯೇ ಆರಂಭವಾಗಬಹುದು.