ಕೋಡಂಗಿಯಿಂದ ಶುರುವಾದ ಪಾಠ

ಮಕ್ಕಳ ರಂಗಶಿಬಿರದ ಕರಪತ್ರದಲ್ಲಿ ಈಗ ‘ಆತ್ಮವಿಶ್ವಾಸ’ ಎಂಬ ಮಾತು ತಪ್ಪುವುದಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಆ ಮಾತು ಬಳಕೆಯಲ್ಲಿರಲಿಲ್ಲ. ಅದು ಬೆಳೆಯುವ ಏರ್ಪಾಡು ಮಾತ್ರ ಗಟ್ಟಿಯಾಗಿತ್ತು. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಪೂರ್ವರಂಗದ ಕೋಡಂಗಿ ವೇಷ. ಪ್ರಸಂಗಕ್ಕೆ ಇನ್ನೂ ಹೊತ್ತಿರುವಾಗ, ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಿರುವಾಗ, ಅವನು ಗೆಜ್ಜೆ ಕಟ್ಟಿ ರಂಗಸ್ಥಳದಲ್ಲಿ ನಾಲ್ಕು ಹೆಜ್ಜೆ ಕುಣಿದು ಹೋಗಬೇಕು. ತಾಳ ತಪ್ಪಿದರೆ ಭಾಗವತರಿಗೆ ತಿಳಿಯುತ್ತದೆ, ಊರಿಗೆಲ್ಲ ತಿಳಿಯುವುದಿಲ್ಲ. ಕಾಲು ಕುದುರಿದ ಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷಗಳು. ಮಾತುಗಾರಿಕೆ ಪಳಗುವುದು ಎಲ್ಲಕ್ಕಿಂತ ನಿಧಾನ. ಪ್ರಸಂಗದಲ್ಲಿ ಬರೆದಿಟ್ಟಿರುವುದು ಪದ್ಯ. ಅರ್ಥವನ್ನು ವೇಷಧಾರಿ ನಿಂತಲ್ಲೇ ಕಟ್ಟಬೇಕು. ಎದುರಿನವರ ಮಾತಿಗೆ ಕಿವಿಗೊಡದವನಿಗೆ ಉತ್ತರ ಹೊಳೆಯುವುದಿಲ್ಲ. ಸಭಾಕಂಪ ಬಿಡುವುದು ಹೀಗೆಯೇ: ತಪ್ಪಿದರೂ ಆಟ ಕೆಡದ ಜಾಗದಲ್ಲಿ, ಆದರೆ ನಿಜವಾದ ಜನರೆದುರು, ಮತ್ತೆ ಮತ್ತೆ ನಿಂತು. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತಿರುಗುತ್ತಿದ್ದುದರಿಂದ ಆ ‘ಮತ್ತೆ ಮತ್ತೆ’ಗೆ ಕೊರತೆ ಇರಲಿಲ್ಲ.

ಇದು ಹಳೆಯದನ್ನು ಹೊಗಳುವ ಚಪಲ ಎನ್ನುವವರಿದ್ದಾರೆ. ಆ ಹುಡುಗರಲ್ಲಿ ಅನೇಕರನ್ನು ಮೇಳಕ್ಕೆ ತಂದದ್ದು ಕಲೆಗಿಂತ ಹೊಟ್ಟೆಪಾಡು. ಹುಡುಗಿಯರಿಗಂತೂ ಅಲ್ಲಿ ಜಾಗವೇ ಇರಲಿಲ್ಲ. ಕಂಪನಿ ನಾಟಕದ ಕಥೆಯೂ ಇದರಿಂದ ತೀರಾ ಬೇರೆಯಲ್ಲ. ತಂದೆಯೊಂದಿಗೆ ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜ್‌ಕುಮಾರ್ ಅವರ ಶಾಲೆ ಅರ್ಧಕ್ಕೇ ನಿಂತಿತು. ಮನೆ ಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಎಂ.ಎ. ಓದಿದ್ದು ಗುಬ್ಬಿ ವೀರಣ್ಣನವರು ಅವರನ್ನು ಬನಾರಸಿಗೆ ಕಳುಹಿಸಿದ್ದರಿಂದ. ಅಂಥ ಯಜಮಾನರು ಎಲ್ಲ ಹುಡುಗರಿಗೂ ಸಿಗಲಿಲ್ಲ. ಆಕ್ಷೇಪ ನ್ಯಾಯವೇ. ಆದರೆ ಅದು ಆ ಕಾಲದ ಬಡತನಕ್ಕೆ, ಕಟ್ಟುಪಾಡಿಗೆ ಸಲ್ಲಬೇಕಾದದ್ದು. ಚಿಕ್ಕ ಪಾತ್ರದಿಂದ ದೊಡ್ಡದಕ್ಕೆ ಏರಿಸುವ ಕಲಿಕೆಯ ಕ್ರಮಕ್ಕಲ್ಲ.

ಇವೆರಡನ್ನು ಬೇರ್ಪಡಿಸಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿದಾಗ ಹಾಡು, ಆಟ, ನಾಟಕ ಹೊಟ್ಟೆಪಾಡಿನ ಹಂಗಿಲ್ಲದೆ ಹುಡುಗ ಹುಡುಗಿಯರಿಬ್ಬರಿಗೂ ದಕ್ಕಿದವು. 1979ರಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಆರಂಭಿಸಿ, ಮಕ್ಕಳ ರಂಗಭೂಮಿಯನ್ನು ದೊಡ್ಡವರದರಷ್ಟೇ ಗಂಭೀರವಾಗಿ ಬೆಳೆಸಿದರು. ಕಂಪನಿಯಲ್ಲಿ ಬಾಲ್ಯ ಕಳೆದ ಬಿ.ವಿ. ಕಾರಂತರ ಮನೆಯಿಂದಲೇ ಈ ಕೆಲಸ ಹೊರಟದ್ದು ನನಗೆ ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ.

ಇಂದಿನ ಮಗುವಿಗೆ ಶಾಲೆಯಿದೆ, ಆರು ತಿಂಗಳು ತಿರುಗಾಟ ಸಾಧ್ಯವೇ ಎಂದು ಕೇಳಬಹುದು. ಬೇಕಾಗಿಯೂ ಇಲ್ಲ. ಆದರೆ ಬೇಸಿಗೆಯಿಡೀ ತಾಲೀಮು ನಡೆಸಿ, ಕೊನೆಯ ದಿನ ಒಂದೇ ಒಂದು ಪ್ರದರ್ಶನ ಕೊಟ್ಟು ಪ್ರಮಾಣಪತ್ರ ಹಂಚುವ ಪದ್ಧತಿಯಲ್ಲಿ ಎಡವಿದ ಮಗುವಿಗೆ ಮರುದಿನದ ಆಟವೇ ಇರುವುದಿಲ್ಲ. ಆ ಪ್ರದರ್ಶನವನ್ನೇ ಪಕ್ಕದ ನಾಲ್ಕು ಬಡಾವಣೆಗಳಲ್ಲಿ ಆಡಿಸಲು ಬೇಕಾದದ್ದು ಒಂದು ಬಾಡಿಗೆ ವ್ಯಾನು ಮತ್ತು ಒಪ್ಪುವ ತಂದೆತಾಯಂದಿರು.