ಕಿಟ್ಟೆಲರ ಕೋಶಕ್ಕೆ ಈಗ ಯಾರ ಹಕ್ಕು?

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಹೊರತಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಕೈಯಲ್ಲಿ ಹಿಡಿದು ಓದುವ ಪುಸ್ತಕವಲ್ಲ, ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾದದ್ದು. ಸುಮಾರು 70,000 ಪದಗಳು. ಕನ್ನಡದ ಪಕ್ಕದಲ್ಲೇ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳು. ಒಂದೊಂದೇ ಮೊಳೆ ಜೋಡಿಸಿ ಇದನ್ನು ಅಚ್ಚು ಮಾಡಿದವರ ಕಣ್ಣು ಏನಾಗಿರಬೇಡ!

ಕಿಟ್ಟೆಲರು 1903ರಲ್ಲಿ ತೀರಿಕೊಂಡರು. ಕೋಶದ ಕೃತಿಸ್ವಾಮ್ಯ ಮುಗಿದು ದಶಕಗಳೇ ಸಂದಿವೆ. ಯಾರೂ ಅದನ್ನು ಮರುಮುದ್ರಿಸಬಹುದು, ಮಾರಬಹುದು, ಹಂಚಬಹುದು. ಹಾಗಾದರೆ ಇಂದು ಒಬ್ಬರು ವರ್ಷಗಟ್ಟಲೆ ಕುಳಿತು ಇಡೀ ಕೋಶವನ್ನು ಕಂಪ್ಯೂಟರಿಗೆ ಇಳಿಸಿ, ತಪ್ಪು ತಿದ್ದಿ, 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಎಂದು ಬರೆದರೆ? ಆ ಸಾಲಿಗೆ ಬೆಲೆ ಎಷ್ಟು?

ನಮ್ಮಲ್ಲಿ ಇದಕ್ಕೆ ಹತ್ತಿರದ ಉತ್ತರ ಸಿಕ್ಕಿದ್ದು ನಿಘಂಟಿನ ವ್ಯಾಜ್ಯದಿಂದಲ್ಲ, ವಕೀಲರ ಪುಸ್ತಕಗಳಿಂದ. ನ್ಯಾಯಾಲಯದ ತೀರ್ಪುಗಳನ್ನು ಯಾರು ಬೇಕಾದರೂ ಪ್ರಕಟಿಸಬಹುದು. ಈಸ್ಟರ್ನ್ ಬುಕ್ ಕಂಪೆನಿಯವರು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ತಿದ್ದಿ ಅಚ್ಚು ಹಾಕುತ್ತಿದ್ದರು. ಅವನ್ನು ಬೇರೆಯವರು ಸಿ.ಡಿ.ಗೆ ಇಳಿಸಿದಾಗ ಜಗಳ ಸುಪ್ರೀಂ ಕೋರ್ಟಿಗೇ ಹೋಯಿತು. 2007ರಲ್ಲಿ ಕೋರ್ಟು ಹೇಳಿದ್ದಿಷ್ಟು: ಬರಿಯ ಶ್ರಮ, ಖರ್ಚುಗಳಿಂದ ಹೊಸ ಹಕ್ಕು ಹುಟ್ಟುವುದಿಲ್ಲ, ಸ್ವಲ್ಪವಾದರೂ ಸ್ವಂತ ಬುದ್ಧಿಯ ಸೃಷ್ಟಿ ಬೇಕು. ಅಕ್ಷರದೋಷ ತಿದ್ದಿದ್ದು ಸಾಲದು. ಆದರೆ ತೀರ್ಪನ್ನು ಅರ್ಥಕ್ಕೆ ತಕ್ಕಂತೆ ಪ್ಯಾರಾಗಳಾಗಿ ವಿಂಗಡಿಸಿದ್ದು, ಭಿನ್ನಮತಗಳನ್ನು ಗುರುತಿಸಿದ್ದು ಪ್ರಕಾಶಕರದೇ.

ಇದನ್ನು ಕಿಟ್ಟೆಲರ ಕೋಶಕ್ಕೆ ಅನ್ವಯಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಕಲು ಮಾಡುವವನು ಮೂಲಕ್ಕೆ ಎಷ್ಟು ನಿಷ್ಠನೋ ಅಷ್ಟು ಹಕ್ಕುಹೀನ! ಚುಕ್ಕೆಯೊಂದೂ ತಪ್ಪದಂತೆ ಬೆರಳಚ್ಚು ಮಾಡಿದವನಿಗೆ ಏನೂ ಇಲ್ಲ. ತನ್ನದೇ ಟಿಪ್ಪಣಿ, ಹೊಸ ಅರ್ಥ ಸೇರಿಸಿದವನಿಗೆ ಆ ಸೇರ್ಪಡೆಯ ಮಟ್ಟಿಗೆ ಹಕ್ಕುಂಟು. ಮರಿಯಪ್ಪ ಭಟ್ಟರು ಇದೇ ಕೋಶವನ್ನು ಪರಿಷ್ಕರಿಸಿ, ಹಿಗ್ಗಿಸಿ, 1968-71ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ತಂದರಷ್ಟೆ. ಅವರು ಸೇರಿಸಿದ್ದಕ್ಕೆ ಹಕ್ಕು ಇನ್ನೂ ಜೀವಂತ, ಒಳಗಿರುವ ಕಿಟ್ಟೆಲರ ಪಾಲು ಮಾತ್ರ ಎಲ್ಲರದು. ಯಾವುದು ಯಾರ ಮಾತು ಎಂದು ತಿಳಿಯಲು ಕೊನೆಗೆ 1894ರ ಪ್ರತಿಯನ್ನೇ ಹುಡುಕಬೇಕು.

ಇಂಗ್ಲೆಂಡಿನ ಕಾನೂನಿನಲ್ಲಿ ಅಚ್ಚಿನ ಪುಟವಿನ್ಯಾಸಕ್ಕೂ 25 ವರ್ಷಗಳ ರಕ್ಷಣೆ ಇದೆ. ನಮ್ಮ 1957ರ ಕಾಯಿದೆಯಲ್ಲಿ ಅಂಥದೇನೂ ಇಲ್ಲ. ಇಲ್ಲದಿರುವುದೇ ಒಳಿತೆಂದು ನನ್ನ ಅನಿಸಿಕೆ. ಇದ್ದಿದ್ದರೆ ಪಂಪನೂ ಪ್ರತಿ ಮರುಮುದ್ರಣದೊಡನೆ ಮತ್ತೆ ಬೀಗದೊಳಗೆ ಹೋಗುತ್ತಿದ್ದ. ಹಾಗೆಂದು ಕಣ್ಣು ನೋಯಿಸಿಕೊಂಡು ಕೋಶ ಇಳಿಸುವವನ ಸಂಬಳದ ಪ್ರಶ್ನೆ ಕಾನೂನಿನಿಂದ ಬಗೆಹರಿಯದು. ಅದನ್ನು ವಿಶ್ವವಿದ್ಯಾಲಯವೋ ಸರಕಾರವೋ ಓದುಗರೋ ಹೊರಬೇಕು.

ಪ್ರಶ್ನೆ ಹಳೆಯ ಕೋಶದ್ದು ಮಾತ್ರವಲ್ಲ. ಕಾಯಿದೆಯ ಅವಧಿ 1992ರಿಂದ ಲೇಖಕರ ಮರಣಾನಂತರ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ 'ಗಿಳಿವಿಂಡು'ವಿನಂಥ ಕೃತಿಗಳು 2024ರ ಜನವರಿ 1ರಿಂದ ಎಲ್ಲರವೂ ಆದುವು. ಮೊದಲ ಬಾರಿಗೆ ಮರಣಾನಂತರ ಅಚ್ಚಾದ ಬರಹಗಳಿದ್ದರೆ ಅವುಗಳ 60 ವರ್ಷ ಪ್ರಕಟವಾದ ವರ್ಷದಿಂದ ಎಣಿಕೆ. ಪೈಗಳ ಪುಸ್ತಕ ಇಳಿಸಲು ಹೊರಟವರು ಮೊದಲು ಅಚ್ಚಿನ ವರ್ಷ ನೋಡಿಕೊಳ್ಳುವುದು ಕ್ಷೇಮ.