ಪದದ ಬೆನ್ನು ಹತ್ತಿ – 9: ದುರ್ಗ

‘ದುರ್ಗಕ್ಕೆ ಹೋಗಿದ್ದೆ’ ಅಂದ್ರೆ ಸಾಕು, ಚಿತ್ರದುರ್ಗದ ಕಡೆಯವರಿಗೆ ಊರಿನ ಪೂರ್ತಿ ಹೆಸರು ಬೇಕಾಗಿಲ್ಲ. ಹೋದವರೆಲ್ಲ ಏಳು ಸುತ್ತಿನ ಕೋಟೆ ನೋಡಿ, ಫೋಟೊ ತೆಗೆದು ಬರ್ತೀವಿ. ಆದ್ರೆ ಗಮನಿಸಿದ್ದೀರಾ? ‘ದುರ್ಗ’ ಅನ್ನೋ ಪದದೊಳಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ.

ಸಂಸ್ಕೃತದಲ್ಲಿ ‘ದುರ್’ ಅಂದ್ರೆ ಕಷ್ಟ, ‘ಗ’ ಅಂದ್ರೆ ಹೋಗುವುದು. ಹೋಗೋಕೆ ಕಷ್ಟವಾದ ಜಾಗವೇ ದುರ್ಗ. ಈಗಲೂ ‘ದುರ್ಗಮ’ ಅಂತ ಬರೀತೀವಲ್ಲ, ಅದರ ಒಡಹುಟ್ಟು ಇದು. ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ನಾಲ್ಕು ಬಗೆ ಮಾಡುತ್ತದೆ: ನೀರಿನದು, ಬೆಟ್ಟದ್ದು, ಮರಳುಗಾಡಿನದು, ಕಾಡಿನದು. ನೋಡಿ, ನಾಲ್ಕರಲ್ಲೂ ಮೊದಲ ಕಾವಲುಗಾರ ನೆಲವೇ. ಗೋಡೆ ಬಂದದ್ದು ಆಮೇಲೆ.

ನಮ್ಮ ಬಯಲುಸೀಮೆಗೆ ಒದಗಿದ್ದು ಬೆಟ್ಟದ ದುರ್ಗ. ಸಾವನದುರ್ಗ, ನಂದಿದುರ್ಗ, ಹುಲಿಯೂರುದುರ್ಗ, ದೇವರಾಯನದುರ್ಗ... ಸಾವನದುರ್ಗದ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕಾಲಿಟ್ಟರೆ ಜಾರುವ ಕಡಿದಾದ ಮೈ. ರಾಜರು ಮಾಡಿದ್ದಿಷ್ಟೇ: ಬಂಡೆ ಬಂಡೆಗಳ ನಡುವೆ ಸಂದಿ ಇದ್ದಲ್ಲಿ ಗೋಡೆ ಕಟ್ಟಿ ಮುಚ್ಚಿದರು.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಮೇಲೆ ಬಂದಾಗ ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿತ್ತು, ಡಿಸೆಂಬರ್‌ನಲ್ಲಿ ಸಾವನದುರ್ಗ. ಸಾವನದುರ್ಗಕ್ಕೆ ಫಿರಂಗಿ ಎಳೆಯೋಕೆ ಕಾಡು ಕಡಿದು ದಾರಿ ಮಾಡಿದರು. ಫಿರಂಗಿಗೆ ದಾರಿ ಸಿಕ್ಕ ಮೇಲೆ ಹೆಸರು ಮಾತ್ರ ದುರ್ಗ!

ಪದ ಅಲ್ಲಿಗೇ ನಿಲ್ಲಲಿಲ್ಲ. ಬ್ರಿಟಿಷರ ಬಾಯಲ್ಲಿ ಅದು ‘ಡ್ರೂಗ್’ ಆಯ್ತು, ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಯ್ತು. ಲಂಡನ್ನಿನ ಒಂದು ಗುಡ್ಡದ ಮೇಲೆ ‘ಸೆವೆರ್ನ್‌ಡ್ರೂಗ್’ ಅನ್ನೋ ಗೋಪುರವೇ ಇದೆ. ಕೊಂಕಣ ಕರಾವಳಿಯ ಸುವರ್ಣದುರ್ಗವನ್ನು 1755ರಲ್ಲಿ ಗೆದ್ದ ವಿಲಿಯಂ ಜೇಮ್ಸ್‌ನ ನೆನಪಿಗೆ 1784ರಲ್ಲಿ ಕಟ್ಟಿದ್ದು. ಸೋತವರ ಪದ, ಗೆದ್ದವರ ಗೋಪುರ.

ಈಗ ಹೇಳಿ, ದುರ್ಗ ಅಂದ್ರೆ ಕೋಟೆನಾ, ಬಂಡೆನಾ? ಕೋಟೆಯ ಗೋಡೆಗೆ ಸಂರಕ್ಷಣೆಯ ಬೋರ್ಡಾದರೂ ಇರುತ್ತೆ. ಪಕ್ಕದ ಬಂಡೆಗೆ ಎಷ್ಟೋ ಕಡೆ ಅದೂ ಇಲ್ಲ. ಸಿಡಿಮದ್ದು ಇಟ್ಟರೆ ಜಲ್ಲಿ. ಬಿದ್ದ ಗೋಡೆಯನ್ನು ಮತ್ತೆ ಎತ್ತಬಹುದು. ಬಂಡೆ ಹೋದರೆ ಪದದ ಅರ್ಥವೇ ಹೋಯ್ತು.

ಮುಂದಿನ ಸಲ ಹತ್ತುವಾಗ ಗೋಡೆಗೆ ಒರಗಿ ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಒಂದು ಗಳಿಗೆ ಬಂಡೆಯ ಮೇಲೂ ಕೈ ಇಟ್ಟು ನೋಡಿ. ನಿಜವಾದ ದುರ್ಗ ಅದೇ.

ನಿಮ್ಮೂರ ಹತ್ತಿರ ‘ದುರ್ಗ’ ಅಂತ ಕೊನೆಯಾಗುವ ಊರು, ಬೆಟ್ಟ ಯಾವುದಿದೆ? ಕೆಳಗೆ ಬರೀರಿ.

#ಪದದಬೆನ್ನುಹತ್ತಿ #ದುರ್ಗ #ಕನ್ನಡ #ಇತಿಹಾಸ